ಸೋಮವಾರದ ಒಪ್ಪೊತ್ತು

ಒಂದು ಸೌತೆಕಾಯಿಯಿಂದ ಎಷ್ಟು ಬಗೆಯ ಅಡುಗೆ ಮಾಡಬಹುದು ಎಂದು ಯಾರಿಗಾದರೂ ತಿಳಿಯಬೇಕಿದ್ದರೆ ನನ್ನನ್ನು ಕೇಳಬೇಕು. ಹುಳಿ, ಸಾಂಬಾರು, ಪಲ್ಯ ಎಲ್ಲರಿಗೂ ಗೊತ್ತಿರುವಂಥದ್ದು. ಸಿಪ್ಪೆ ಹುರಿದು ಚಟ್ನಿ, ತಿರುಳು ಕಿವುಚಿ ಸಾರು, ಬೀಜ ಅರೆದು ತಂಬುಳಿ, ಹುರುಳಿಯ ಜೊತೆ ಗಸಿ, ತೀರಾ ಮರ್ಯಾದೆಯ ಪ್ರಶ್ನೆ ಬಂದರೆ ಬೆಲ್ಲ ಹಾಕಿ ಪಾಯಸ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿಲ್ಲ. ಆರು ವರ್ಷ, ಪ್ರತಿ ಸೋಮವಾರ ಸಂಜೆ ಆರು ಗಂಟೆಗೆ ನಾನು ಒಂದು ಸಾಲು ಗಂಡಸರಿಗೆ ಬಡಿಸಬೇಕಾಗಿತ್ತು, ಮತ್ತು ಮನೆಯಲ್ಲಿ ಇರುತ್ತಿದ್ದದ್ದು ಸೌತೆಕಾಯಿ.

ಅರವತ್ತರ ದಶಕದ ಮಾತು. ಪುತ್ತೂರು ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮ ಬಾಡಿಗೆ ಮನೆ. ಒಂದು ಚಾವಡಿ, ಎರಡು ಕೋಣೆ, ಹೊಗೆ ಹಿಡಿದ ಅಡುಗೆಮನೆ. ನನ್ನ ಗಂಡ ಒಬ್ಬ ಡಾಕ್ಟರರ ಹತ್ತಿರ ಕಂಪೌಂಡರ್ ಆಗಿದ್ದರು. ನಾನು ಎರಡು ಮೈಲಿ ಆಚೆಯ ಶಾಲೆಯೊಂದರಲ್ಲಿ ಟೀಚರ್. ಮನೆಯಲ್ಲಿ ಅತ್ತೆ, ಮತ್ತು ನಮ್ಮ ಒಬ್ಬಳೇ ಮಗಳು. ಇಬ್ಬರ ಸಂಬಳ ಬರುವ ಮನೆ ಎಂದು ಓಣಿಯವರು ನಮ್ಮನ್ನು ದೊಡ್ಡವರ ಲೆಕ್ಕಕ್ಕೆ ಸೇರಿಸಿದ್ದರು. ಹಾಗೆ ಸೇರಿಸಿದವರು ನಮ್ಮ ಅಕ್ಕಿಡಬ್ಬಿಯೊಳಗೆ ಕೈ ಹಾಕಿ ನೋಡಿದವರಲ್ಲ.

ಮಾವ ಸುಳ್ಯದ ಆಚೆ ಒಂದು ಹಳ್ಳಿಯಲ್ಲಿ ಗೇಣಿಗೆ ಗದ್ದೆ ಮಾಡುತ್ತಿದ್ದರು. ನಾನು ಮದುವೆಯಾಗಿ ಬಂದ ಎರಡನೆಯ ವರ್ಷ, ಐವತ್ತರ ದಶಕ ಮುಗಿಯುವ ಹೊತ್ತಿಗೆ, ಅವರು ತೀರಿಕೊಂಡರು. ಗದ್ದೆ ಧಣಿಗಳ ಕೈಗೆ ಹೋಯಿತು, ನಾಲ್ಕು ಗಂಡುಮಕ್ಕಳು ನಾಲ್ಕು ಕಡೆ ಆದರು. ಹಿರಿಯರಾದ ನನ್ನ ಗಂಡ ಪುತ್ತೂರಿನಲ್ಲಿ. ಎರಡನೆಯವರು ಸುಳ್ಯದಲ್ಲಿ ಒಂದು ಅಂಗಡಿಯ ಜಗಲಿಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಟೈಲರ್ ಆದರು. ಮೂರನೆಯವರು ಕಡಬದ ಕಡೆ ಯಾರದೋ ಜೀಪು ಓಡಿಸುತ್ತಿದ್ದರು. ಕೊನೆಯವರಿಗೆ ಕೊಯಿಲದ ದನದ ಫಾರ್ಮಿನಲ್ಲಿ ಕೆಲಸ. ಈ ಮೂವರನ್ನು ನಾವು ಮನೆಯೊಳಗೆ ಊರಿನ ಹೆಸರಿನಿಂದಲೇ ಕರೆಯುತ್ತಿದ್ದೆವು: ಸುಳ್ಯ ಬಂದನಾ, ಕಡಬ ಬಂದನಾ, ಕೊಯಿಲ ಎಲ್ಲಿ?

ಗಂಡ ಸತ್ತು, ಗದ್ದೆ ಹೋಗಿ, ಮನೆ ಒಡೆದ ಮೇಲೆ ಅತ್ತೆ ಯಾರ ಹತ್ತಿರವೂ ಏನನ್ನೂ ಕೇಳಲಿಲ್ಲ. ಒಂದೇ ಒಂದು ಹಟ ಹಿಡಿದರು. ವಾರಕ್ಕೊಂದು ಸಲ ನಾಲ್ಕೂ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಒಂದೇ ಪಾತ್ರೆಯ ಅನ್ನ ಉಣ್ಣಬೇಕು. ಸೋಮವಾರ ಪುತ್ತೂರಿನ ಸಂತೆ. ಟೈಲರಿಗೆ ನೂಲು, ಗುಂಡಿ ಬೇಕು. ಜೀಪಿಗೆ ಸಂತೆಯ ಬಾಡಿಗೆ ಸಿಗುತ್ತದೆ. ಫಾರ್ಮಿನವರು ಅರ್ಧ ದಿನ ರಜೆ ಹಾಕಿ ಹೇಗೋ ಬರುತ್ತಾರೆ. ಹಾಗಾಗಿ ಸೋಮವಾರ. ಸುಳ್ಯದ ಕೊನೆಯ ಬಸ್ಸು ಏಳಕ್ಕೆ, ಹಾಗಾಗಿ ಊಟ ಆರಕ್ಕೆ. ಎಲ್ಲವೂ ಎಲ್ಲರಿಗೂ ಹೊಂದಿಕೆಯಾಗುತ್ತಿತ್ತು, ನಾನೊಬ್ಬಳನ್ನು ಬಿಟ್ಟು. ನನ್ನ ಶಾಲೆ ಬಿಡುತ್ತಿದ್ದದ್ದು ನಾಲ್ಕಕ್ಕೆ.

ಕುಚ್ಚಲಕ್ಕಿ ಬೇಯಲು ಒಂದೂವರೆ ತಾಸು ಬೇಕು. ನಾಲ್ಕಕ್ಕೆ ಶಾಲೆ ಬಿಟ್ಟು, ನಡೆದು, ಮನೆ ತಲುಪಿ ಒಲೆ ಹಿಡಿಸಿದರೆ ಆರಕ್ಕೆ ಅನ್ನ ಆಗುವ ಮಾತೇ ಇಲ್ಲ. ಅತ್ತೆ ಸೊಂಟ ನೋವಿನವರು, ಒಲೆಯ ಮುಂದೆ ಕುಳಿತರೆ ಏಳಲು ಇನ್ನೊಬ್ಬರ ಕೈ ಬೇಕು. ಆದರೆ ಗದ್ದೆಯ ಮನೆಯ ಒಂದು ಉಪಾಯವನ್ನು ಅವರೇ ಹೇಳಿಕೊಟ್ಟರು. ಬೆಳಿಗ್ಗೆ ನೀರು ಕುದಿಸಿ ಅಕ್ಕಿ ಹಾಕಿ, ನಾಲ್ಕು ಕುದಿ ಬಂದ ಮೇಲೆ ಪಾತ್ರೆಯನ್ನು ಇಳಿಸಿ, ಬೈಹುಲ್ಲು ತುಂಬಿದ ದೊಡ್ಡ ಬುಟ್ಟಿಯಲ್ಲಿ ಹುಗಿದು ಮೇಲೆ ಗೋಣಿ ಮುಚ್ಚಿ ಶಾಲೆಗೆ ಹೋಗುವುದು. ಸಂಜೆ ಬರುವಾಗ ಅಕ್ಕಿ ಒಳಗಿಂದೊಳಗೇ ಮುಕ್ಕಾಲು ಬೆಂದಿರುತ್ತಿತ್ತು. ಸ್ವಲ್ಪ ಬೆಂಕಿ ತೋರಿಸಿ ತೆಳಿ ಬಸಿದರೆ ಆಯಿತು. ಸೌದೆಯೂ ಉಳಿಯುತ್ತಿತ್ತು.

ತರಕಾರಿಯ ಕಥೆ ಬೇರೆ. ಸಂತೆಯಲ್ಲಿ ತರಕಾರಿ ಅಗ್ಗವಾಗುವುದು ಕತ್ತಲು ಕವಿಯುವಾಗ, ಮಾರುವವರು ಗಂಟು ಕಟ್ಟುವ ಹೊತ್ತಿಗೆ. ಅಷ್ಟರಲ್ಲಿ ನಮ್ಮ ಮನೆಯ ಊಟ ಮುಗಿದಿರಬೇಕು. ಎಂದರೆ ಸಂತೆ ಮನೆಯ ಬಾಗಿಲಿನಲ್ಲೇ ಇದ್ದರೂ ಆ ದಿನದ ತರಕಾರಿ ಆ ದಿನದ ಊಟಕ್ಕೆ ಇಲ್ಲ. ಮೈದುನರು ಹೊರಟ ಮೇಲೆ ನಾನು ಓಡಿಹೋಗಿ ಅಳಿದುಳಿದದ್ದನ್ನು ತರುತ್ತಿದ್ದೆ. ಅದು ಮುಂದಿನ ಸೋಮವಾರದವರೆಗೆ ಕೆಡದೆ ಇರಬೇಕು. ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಜಂತಿಗೆ ತೂಗುಹಾಕಿದರೆ ವಾರವಲ್ಲ, ತಿಂಗಳಾದರೂ ಕೆಡದ ತರಕಾರಿ ಒಂದೇ, ನಮ್ಮ ಕಡೆಯ ದಪ್ಪ ಸಿಪ್ಪೆಯ ಹಳದಿ ಸೌತೆಕಾಯಿ. ಇನ್ನು ಮೀನು ತಂದರೆ ಒಂದು ತುಂಡಿಗೆ ಒಂದು ತಟ್ಟೆ ಅನ್ನ ಹೋಗುತ್ತದೆ, ಬೂತಾಯಿಯಷ್ಟು ಅಗ್ಗದ್ದು ಬೇರೆ ಯಾವುದೂ ಇಲ್ಲ. ಆದರೆ ಸೋಮವಾರ ಅತ್ತೆ ಮನೆಯೊಳಗೆ ಮೀನು ಸೇರಿಸುತ್ತಿರಲಿಲ್ಲ. ದೇವರು ವಾರದಲ್ಲಿ ಏಳು ದಿನ ಮಾಡಿ, ಸಂತೆಯನ್ನೂ ಮೀನಿಲ್ಲದ ದಿನವನ್ನೂ ನನಗಾಗಿಯೇ ಒಂದರ ಮೇಲೊಂದು ಇಟ್ಟ ಹಾಗಿತ್ತು.

"ಅತ್ತಿಗೆ, ಇವತ್ತು ಎಂತ? ಸೌತೆಯ ಅಣ್ಣನಾ ತಮ್ಮನಾ?" ಎಂದು ಕೊಯಿಲದವರು ಬಾಗಿಲಿನಲ್ಲೇ ಕೇಳುತ್ತಿದ್ದರು.

"ಇವತ್ತು ಸೌತೆಯ ಭಾವ. ಕೈಕಾಲು ತೊಳೆದು ಬನ್ನಿ," ಎನ್ನುತ್ತಿದ್ದೆ ನಾನು.

ಅವರು ಕೆಟ್ಟವರಲ್ಲ. ಅಮ್ಮನಿಗೆ ವೀಳ್ಯದೆಲೆ, ನನ್ನ ಮಗಳಿಗೆ ಬಾಳೆಹಣ್ಣು, ಬಿಸ್ಕುಟು ತಾರದೆ ಬಂದದ್ದಿಲ್ಲ. ಆದರೆ ಅಕ್ಕಿ ತರುವಂತಿರಲಿಲ್ಲ. ತಮ್ಮಂದಿರು ಅಣ್ಣನ ಮನೆಗೆ ಅಕ್ಕಿ ಹಿಡಿದುಕೊಂಡು ಊಟಕ್ಕೆ ಬಂದರೆ, ಅಣ್ಣನಿಗೆ ಅನ್ನ ಹಾಕುವ ಯೋಗ್ಯತೆ ಇಲ್ಲ ಎಂದು ಹೇಳಿದಂತೆ; ಅದಕ್ಕಿಂತ ಹೆಚ್ಚಾಗಿ, ಮನೆ ಪಾಲಾಗಿದೆ ಎಂದು ಊರಿಗೆ ಸಾರಿದಂತೆ. ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಹಾಗಾಗಿ ಬಾಳೆಹಣ್ಣು ಬರುತ್ತಿತ್ತು, ಅಕ್ಕಿ ಬರುತ್ತಿರಲಿಲ್ಲ.

ನನ್ನ ಅಳತೆ ಆರು ಪಾವು. ವಾರವಿಡೀ ಒಂದೊಂದು ಹಿಡಿ ಎತ್ತಿಟ್ಟು ಸೋಮವಾರಕ್ಕೆ ಆರು ಪಾವು ಮಾಡುತ್ತಿದ್ದೆ. ರೇಶನ್ ಅಂಗಡಿಯಲ್ಲಿ ಅಕ್ಕಿ ಕಡಿಮೆಯಾಗುತ್ತಾ, ಗೋಧಿ ಹೆಚ್ಚಾಗುತ್ತಾ ಬಂದ ಕಾಲ ಅದು. ಶುಕ್ರವಾರದಿಂದಲೇ ನನ್ನ ತಲೆ ಸೋಮವಾರದಲ್ಲಿ ಇರುತ್ತಿತ್ತು. ಮಕ್ಕಳಿಗೆ ಗುಣಾಕಾರ ಕೊಟ್ಟು ಕುಳಿತರೆ ನಾನು ಸ್ಲೇಟಿನ ಮೂಲೆಯಲ್ಲಿ ಸಿಪ್ಪೆ, ತಿರುಳು, ಬೀಜ ಎಂದು ಬರೆದುಕೊಳ್ಳುತ್ತಿದ್ದೆ. ಮೊದಲು ಗಂಡಸರು, ಅವರ ಜೊತೆ ಮಗಳು, ಆಮೇಲೆ ಅತ್ತೆ, ಕೊನೆಗೆ ನಾನು. ಆರು ಪಾವಿನಲ್ಲಿ ಕೊನೆಗೆ ನನಗೂ ಒಂದು ತಟ್ಟೆ ಆಗುತ್ತಿತ್ತು. ಎರಡು ವರ್ಷ ಹಾಗೆಯೇ ನಡೆಯಿತು.

ಒಂದು ಸೋಮವಾರ ಕೊಯಿಲದವರು ಇಬ್ಬರನ್ನು ಕರೆದುಕೊಂಡು ಬಂದರು. ಫಾರ್ಮಿನಲ್ಲಿ ಅವರ ಜೊತೆ ಕೆಲಸ ಮಾಡುವವರಂತೆ, ಸಂತೆಯಲ್ಲಿ ಸಿಕ್ಕಿದರಂತೆ. ಊಟದ ಹೊತ್ತಿಗೆ ಮೆಟ್ಟಿಲು ಹತ್ತಿದವರನ್ನು ಉಣ್ಣದೆ ಕಳಿಸುವ ಕ್ರಮ ನಮ್ಮಲ್ಲಿಲ್ಲ. ಇಬ್ಬರೂ ಆಳೆತ್ತರದವರು, ದಿನವಿಡೀ ದನಗಳ ಹಿಂದೆ ಓಡುವವರು. ಅನ್ನ ಬಡಿಸುತ್ತಾ ಬಡಿಸುತ್ತಾ ಪಾತ್ರೆಯ ತಳಕ್ಕೆ ಸೌಟು ತಾಗುವ ಸದ್ದು ನನಗೇ ಕೇಳಿಸಿತು. ಅತ್ತೆಗೆ ಬಡಿಸಿದ ಮೇಲೆ ಉಳಿದದ್ದು ತಳಕ್ಕೆ ಅಂಟಿದ ನಾಲ್ಕು ಅಗುಳು.

ಗಂಡಸರು ಇನ್ನೂ ಎದ್ದಿರಲಿಲ್ಲ. ಮಜ್ಜಿಗೆ ಸುರಿದುಕೊಂಡು ಮಾತಾಡುತ್ತಿದ್ದರು. ಆ ದಿನ ಅತ್ತೆಗೆ ಏನೆನಿಸಿತೋ, "ನೀನೂ ಇಲ್ಲೇ ಕೂತ್ಕೊ, ಇವರಿಬ್ಬರೂ ನಮ್ಮ ಮಕ್ಕಳ ಹಾಗೆಯೇ. ತಟ್ಟೆ ತಾ," ಎಂದರು.

"ಆಮೇಲೆ ಉಣ್ತೇನೆ ಅತ್ತೆ."

"ಆಮೇಲೆ ಎಂತಕ್ಕೆ? ಅನ್ನ ಉಂಟಲ್ಲ?"

ಸಾಲಿನಲ್ಲಿದ್ದ ಆರೂ ಗಂಡಸರ ತಲೆಗಳು ಎದ್ದವು. ಹೊಸಬರಿಬ್ಬರ ಕೈ ತಟ್ಟೆಯಲ್ಲೇ ನಿಂತಿತು. ಇಲ್ಲ ಎಂದು ನಾನು ಹೇಳಿದ್ದರೆ, ಕೊಯಿಲದವರು ಮತ್ತೆ ನಮ್ಮ ಮೆಟ್ಟಿಲು ಹತ್ತುತ್ತಿರಲಿಲ್ಲ. ಒಬ್ಬ ತಪ್ಪಿದರೆ ಇನ್ನಿಬ್ಬರೂ ತಪ್ಪುತ್ತಾರೆ. ಅತ್ತೆಯ ಸಾಲು ಅಂದಿಗೆ ಮುಗಿಯುತ್ತಿತ್ತು, ಮುಗಿಸಿದವಳು ಸೊಸೆ ಎಂದಾಗುತ್ತಿತ್ತು. ಗಂಡ ನನ್ನನ್ನೇ ನೋಡುತ್ತಿದ್ದರು. ನನ್ನ ಬಾಯಿಗೆ ಬಂದದ್ದು ಹೀಗೆ:

"ನನಗೆ ಇವತ್ತು ಒಪ್ಪೊತ್ತು."

ಒಪ್ಪೊತ್ತು ಎಂದರೆ ದಿನಕ್ಕೆ ಒಂದೇ ಹೊತ್ತು ಅನ್ನ ಉಣ್ಣುವ ವ್ರತ. ಶಿವನಿಗೆಂದು ಸೋಮವಾರ ಹಿಡಿಯುವವರು ನಮ್ಮ ಓಣಿಯಲ್ಲೇ ಮೂರು ಜನ ಇದ್ದರು.

"ಒಪ್ಪೊತ್ತಾ? ಯಾವಾಗಿಂದ?"

"ಇವತ್ತಿಂದ."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರ ಮುಖ ಅರಳಿತು. "ಗಂಡು ಮಗು ಆಗ್ಲಿ ಅಂತ ಅಲ್ವಾ? ಬಾಯಿ ಬಿಟ್ಟು ಹೇಳ್ಲಿಕ್ಕೆ ಎಂತ ನಾಚಿಕೆ ಮಾರಾಯ್ತಿ!"

ನಾನು ತಲೆ ತಗ್ಗಿಸಿದೆ. ಅದನ್ನು ಅವರು ಹೌದು ಎಂದು ತಿಳಿದುಕೊಂಡರು. ಒಂದು ಸಂಜೆಯ ಮಾನ ಉಳಿಸಲು ಹೇಳಿದ ಸುಳ್ಳು, ಅದರ ಬಾಲ ಎಷ್ಟು ಉದ್ದ ಇರಬಹುದು ಎಂದು ಆಗ ನನಗೆ ಹೊಳೆಯಲಿಲ್ಲ. ಬರೀ ಒಪ್ಪೊತ್ತಾಗಿದ್ದರೆ ಹದಿನಾರು ಸೋಮವಾರ ಮಾಡಿ ಮುಗಿಸಬಹುದಿತ್ತು. ಇದು ಗಂಡು ಮಗುವಿಗೆ ಹಿಡಿದ ಹರಕೆ. ಗಂಡು ಹುಟ್ಟುವವರೆಗೆ ಬಿಡುವಂತಿಲ್ಲ. ನಡುವೆ ಬಿಟ್ಟರೆ ಇರುವ ಮಗುವಿಗೇ ಕೇಡು ಎನ್ನುವವರು ನಮ್ಮವರು.

ಮುಂದಿನ ಸೋಮವಾರ ಬೆಳಿಗ್ಗೆ ನಾನು ಅಕ್ಕಿ ಅಳೆಯುವಾಗ ಅತ್ತೆ ಹತ್ತಿರ ಬಂದು ನಿಂತರು. "ಆರು ಪಾವು ಎಂತಕ್ಕೆ? ನಿನಗೆ ಹೇಗೂ ಒಪ್ಪೊತ್ತು. ಐದು ಸಾಕು."

ಲೆಕ್ಕ ಸರಿಯಾಗಿಯೇ ಇತ್ತು. ಮೇಷ್ಟ್ರ ಕೆಲಸ ಮಾಡುವವಳು ತಪ್ಪು ಹುಡುಕಲಾಗದಷ್ಟು ಸರಿಯಾಗಿತ್ತು. ಹೊಟ್ಟೆ ಕಟ್ಟಿ ಉಳಿಸಿದ ಒಂದು ಪಾವು ಸಂಜೆಯ ಸಾಲಿಗಾದರೂ ಸಿಗುತ್ತದೆ ಎಂದುಕೊಂಡಿದ್ದೆ. ಅದು ಡಬ್ಬಿಯಲ್ಲೇ ಉಳಿಯಿತು, ಮಂಗಳವಾರ ಎಲ್ಲರ ಹೊಟ್ಟೆಗೆ ಹೋಯಿತು. ಸೋಮವಾರದ ಸೌಟು ಹಿಂದಿನಂತೆಯೇ ತಳಕ್ಕೆ ತಾಗಿತು.

ಒಪ್ಪೊತ್ತಿನವರು ರಾತ್ರಿಗೆ ಅನ್ನ ಬಿಟ್ಟು ಬೇರೆ ಏನಾದರೂ ತಿನ್ನಬಹುದು. ಹೇಗೂ ರೇಶನ್ ಗೋಧಿ ಇದೆ ಎಂದು ಒಂದೆರಡು ವಾರ ನಾನು ರವೆಯ ಉಪ್ಪಿಟ್ಟು ಮಾಡಿಕೊಂಡೆ. ಒಗ್ಗರಣೆಯ ಪರಿಮಳ ಚಾವಡಿಗೆ ಹೋಯಿತು. "ಎಂತ ಅತ್ತಿಗೆ, ನಮಗೆ ಸೌತೆ, ನಿಮಗೆ ಉಪ್ಪಿಟ್ಟಾ? ಒಳ್ಳೆ ವ್ರತ ಮಾರಾಯ್ರೆ ಇದು!" ಎಂದರು ಕಡಬದವರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಎಲ್ಲರಿಗೂ ಒಂದೊಂದು ಸೌಟು ಉಪ್ಪಿಟ್ಟು ಹೋಯಿತು. ಮೂರನೆಯ ವಾರದಿಂದ ನಾನು ಅದನ್ನು ಮಾಡಲಿಲ್ಲ.

ಉಳಿದದ್ದು ತೆಳಿ. ಅನ್ನ ಬಸಿದ ಆ ಗಂಜಿನೀರಿಗೆ ಉಪ್ಪು ಹಾಕಿ, ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತೇ ಕುಡಿಯುತ್ತಿದ್ದೆ. ಅನ್ನದ ನೀರೂ ಅನ್ನವೇ, ವ್ರತಕ್ಕೆ ಆಗುವುದಿಲ್ಲ. ಇಲ್ಲದ ವ್ರತವನ್ನು ಕದ್ದು ಮುರಿಯುತ್ತಿದ್ದೆ ನಾನು. ಬೆನ್ನ ಹಿಂದೆ ನಾಲ್ಕು ಜನ ಉಣ್ಣುವ ಸದ್ದು. ಅವರು ಸೌತೆಯ ಹುಳಿ ಸುರ್ರೆಂದು ಎಳೆದುಕೊಳ್ಳುವಾಗ ನನಗೆ ಬರುತ್ತಿದ್ದ ಸಿಟ್ಟನ್ನು ಈಗ ಬರೆಯಲೂ ಸಂಕೋಚ. ನಾನು ಪ್ರೀತಿಸುತ್ತಿದ್ದ ಜನರೇ ಅವರು. ಸೋಮವಾರ ಆರರಿಂದ ಏಳರವರೆಗೆ ಮಾತ್ರ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ಅತ್ತೆ ನನ್ನ ವ್ರತವನ್ನು ಓಣಿಗೆಲ್ಲ ಹೇಳಿದರು. ನನ್ನನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಅರ್ಚಕರಿಗೂ ಹೇಳಿದರು. ಯಾರೋ ಹೇಳಿದರೆಂದು ಕೊಲ್ಲಮೊಗ್ರು ಕಡೆಯಿಂದ ಒಂದು ಬೇರು ತರಿಸಿ ಹಾಲಿನಲ್ಲಿ ತೇಯ್ದು ಕುಡಿಸಿದರು. ಅದು ಎಷ್ಟು ಕಹಿಯೆಂದರೆ ಎರಡು ದಿನ ನಾಲಿಗೆಗೆ ಉಪ್ಪು ಖಾರ ತಿಳಿಯಲಿಲ್ಲ. ಶಾಲೆಯಲ್ಲಿ ಉಳಿದ ಟೀಚರುಗಳು ಸೋಮವಾರ ನನ್ನನ್ನು ಒಂದು ಬಗೆಯ ಗೌರವದಿಂದ ನೋಡತೊಡಗಿದರು. ಪ್ರತಿ ತಿಂಗಳು ಅತ್ತೆ ನನ್ನ ಮುಖ ನೋಡುವುದು, ನಾನು ಬೇರೆ ಕಡೆ ನೋಡುವುದು. ಮಗು ಆಗಲಿಲ್ಲ, ಗಂಡೂ ಇಲ್ಲ ಹೆಣ್ಣೂ ಇಲ್ಲ. ನನಗೆ ಬೇಕೆಂದೂ ಇರಲಿಲ್ಲ. ಇನ್ನೊಂದು ಬಾಯಿಗೆ ಎಲ್ಲಿಂದ ಎತ್ತಿಡಲಿ?

ಒಂದು ದಿನ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಗಂಡನಿಗೆ ನಿಜ ಹೇಳಿದೆ. "ನನ್ನದು ವ್ರತ ಅಲ್ಲ. ಸೋಮವಾರ ಅನ್ನ ಸಾಕಾಗುದಿಲ್ಲ."

ಅವರು ಹಗ್ಗ ಎಳೆಯುವುದನ್ನು ನಿಲ್ಲಿಸಿದರು. ಅವರಿಗೆ ಮೊದಲೇ ಗೊತ್ತಿತ್ತು ಎಂದು ಮುಖ ನೋಡಿ ನನಗೆ ತಿಳಿಯಿತು. "ಈಗ ಹೇಳಿದ್ರೆ ಅಮ್ಮ ತಡ್ಕೊಳ್ಳುದಿಲ್ಲ," ಎಂದರು. "ನೋಡುವ, ಸ್ವಲ್ಪ ದಿವಸ ಹೋಗ್ಲಿ."

"ಎಷ್ಟು ದಿವಸ?"

ಕೊಡವನ್ನು ಎತ್ತಿಕೊಂಡು ಒಳಗೆ ಹೋದರು. ಒಳ್ಳೆಯ ಮನುಷ್ಯ, ಒಂದು ಮಾತು ಹೆಚ್ಚು ಆಡಿದವರಲ್ಲ. ಆ ದಿನ ನನಗೆ ಬೇಕಾಗಿದ್ದದ್ದು ಒಳ್ಳೆಯ ಮನುಷ್ಯ ಅಲ್ಲ, ಬಾಯಿ ಇರುವ ಮನುಷ್ಯ. ಸ್ವಲ್ಪ ದಿವಸ ಎಂದದ್ದು ನಾಲ್ಕು ವರ್ಷವಾಯಿತು. ವ್ರತ ಮುಗಿಸಲು ಒಂದು ಗಂಡು ಮಗು ಬೇಕು, ಇಲ್ಲವಾದರೆ ಆ ಸಾಲಿನ ಮುಂದೆ ನಿಂತು ಅನ್ನ ಇಲ್ಲ ಎನ್ನಬೇಕು. ಎರಡೂ ನನ್ನಿಂದ ಆಗುವಂತಿರಲಿಲ್ಲ. ನಾನೇ ಹೊರಗಿನಿಂದ ಚಿಲಕ ಹಾಕಿಕೊಂಡು ಒಳಗೆ ಕುಳಿತವಳು ಎಂದು ಎಷ್ಟೋ ಸಲ ನನ್ನನ್ನು ನಾನೇ ಬೈದುಕೊಂಡಿದ್ದೇನೆ. ಆದರೂ ಒಂದು ಸಮಾಧಾನ ಇತ್ತು. ಕಷ್ಟ ನನ್ನೊಬ್ಬಳದು, ಉಳಿದವರೆಲ್ಲ ಹೊಟ್ಟೆ ತುಂಬ ಉಣ್ಣುತ್ತಾರೆ ಎಂಬ ಸಮಾಧಾನ.

ಮಗಳಿಗೆ ಒಂಬತ್ತು ತುಂಬಿದ ವರ್ಷ. ಒಂದು ಸೋಮವಾರ ಸಾಲು ಕುಳಿತಿತ್ತು, ನಾನು ಅನ್ನದ ಪಾತ್ರೆ ಹಿಡಿದು ಬಡಿಸುತ್ತಾ ಬರುತ್ತಿದ್ದೆ. ಮಗಳ ಮುಂದೆ ಬಂದಾಗ ಅವಳು ತಟ್ಟೆಯನ್ನು ಮಗುಚಿ ಹಾಕಿ ಕುಳಿತಿದ್ದಳು.

"ಎಂತ ಇದು? ತಟ್ಟೆ ತೆಗಿ."

"ನನಗೂ ಇವತ್ತಿಂದ ಒಪ್ಪೊತ್ತು," ಎಂದಳು.

ಅತ್ತೆ ಗೋಡೆಗೆ ಒರಗಿ ಕುಳಿತಿದ್ದವರು ನೇರವಾದರು. "ತಮ್ಮ ಬರ್ಲಿ ಅಂತಲಾ ಮಗಾ?"

"ಹೌದಜ್ಜಿ," ಎಂದಳು. ಅಜ್ಜಿಯ ಮುಖವನ್ನು ನೋಡಿ ಹೇಳಲಿಲ್ಲ. ನನ್ನ ಕೈಯಲ್ಲಿದ್ದ ಪಾತ್ರೆಯನ್ನು ನೋಡಿ ಹೇಳಿದಳು. ಅದರಲ್ಲಿ ಎಷ್ಟಿದೆ, ಇನ್ನು ಎಷ್ಟು ಜನ ಬಾಕಿ ಎಂದು ಅವಳ ಕಣ್ಣು ಅಳೆಯುತ್ತಿತ್ತು. ಆ ನೋಟ ನನಗೆ ಗೊತ್ತು, ಅದು ನನ್ನದೇ.

ಚಾವಡಿಯಲ್ಲಿ ಒಂದೇ ಸಂಭ್ರಮ. "ನೋಡಿ ಅತ್ತಿಗೆ, ನಿಮ್ಮ ಮಗಳು ನಿಮ್ಮನ್ನೂ ಮೀರಿಸಿದಳು!" ಎಂದರು ಸುಳ್ಯದವರು. ಅತ್ತೆ ಕಣ್ಣೊರೆಸಿಕೊಂಡು, "ಬಾ ಇಲ್ಲಿ ನನ್ನ ಬಂಗಾರ," ಎಂದು ಕೈ ಚಾಚಿದರು. ಅವಳು ಎದ್ದು ಹೋಗಿ ಅಜ್ಜಿಯ ಮಡಿಲಲ್ಲಿ ಕುಳಿತಳು. ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ.

ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಒಂಬತ್ತು ವರ್ಷದ ಹುಡುಗಿಗೆ ಇಷ್ಟು ಚೆನ್ನಾಗಿ ಸುಳ್ಳು ಹೇಳಲು ಬೇರೆ ಯಾರು ಕಲಿಸಿದ್ದು? ಪಾತ್ರೆಯನ್ನು ಸಾಲಿನ ಕೊನೆಯಲ್ಲಿ ಕೆಳಗಿಟ್ಟೆ. ಅಡುಗೆಮನೆಯಿಂದ ನನ್ನ ತಟ್ಟೆ ತಂದೆ. ಮಗಳನ್ನು ಅಜ್ಜಿಯ ಮಡಿಲಿನಿಂದ ಎಬ್ಬಿಸಿ ಕೈ ಹಿಡಿದು ತಂದು, ಕೊಯಿಲದವರ ಪಕ್ಕ ಬರೀ ನೆಲದ ಮೇಲೆ ಕೂರಿಸಿ, ನಾನೂ ಕುಳಿತೆ. ಆ ಸಾಲಿನಲ್ಲಿ ಅಷ್ಟು ವರ್ಷ ಯಾವ ಹೆಂಗಸೂ ಕುಳಿತದ್ದಿಲ್ಲ. ಅವಳ ತಟ್ಟೆಗೆ ಒಂದು ಸೌಟು ಹಾಕಿದೆ, ನನ್ನ ತಟ್ಟೆಗೆ ಒಂದು. ಪಾತ್ರೆ ಬರಿದಾಯಿತು, ಅತ್ತೆಗೆಂದು ಏನೂ ಉಳಿಯಲಿಲ್ಲ.

"ಇದೆಂತ ಮಾಡುದು ನೀನು? ಸೋಮವಾರ ಅಲ್ವಾ!" ಅತ್ತೆಯ ದನಿ ಒಡೆಯಿತು.

"ನನ್ನದು ದೇವರ ಒಪ್ಪೊತ್ತಲ್ಲ ಅತ್ತೆ. ಆ ದಿವಸ ಅನ್ನ ಮುಗಿದಿತ್ತು, ಹೇಳ್ಲಿಕ್ಕೆ ನಾಚಿಕೆ ಆಯ್ತು. ಮತ್ತೆ ಪ್ರತಿ ಸೋಮವಾರವೂ ಮುಗಿತಿತ್ತು."

"ಹಾಗಾದ್ರೆ ಗಂಡು ಮಗು?"

"ನಾನು ಕೇಳ್ಲೇ ಇಲ್ಲ. ಅದು ನೀವು ಹೇಳಿದ್ದು."

ಒಂದು ತುತ್ತು ಕಲಸಿ ಬಾಯಿಗಿಟ್ಟೆ. ನಾಲ್ಕು ವರ್ಷದ ಮೇಲೆ ಸೋಮವಾರ ಸಂಜೆಯ ಅನ್ನ. ರುಚಿ ಏನೂ ತಿಳಿಯಲಿಲ್ಲ. ಮೈದುನರ ಕೈಗಳು ತಟ್ಟೆಯಲ್ಲೇ ಒಣಗುತ್ತಿದ್ದವು. ಪಾಪ, ಅವರೇನು ಮಾಡಬೇಕಿತ್ತು? ಮುಟ್ಟಿದ ಅನ್ನ ಎಂಜಲು, ತಿರುಗಿ ಪಾತ್ರೆಗೆ ಹಾಕುವಂತಿಲ್ಲ. ಇಷ್ಟು ಕೇಳಿದ ಮೇಲೆ ಉಣ್ಣುವಂತೆಯೂ ಇಲ್ಲ, ಬಿಟ್ಟು ಏಳುವಂತೆಯೂ ಇಲ್ಲ. ಕಡಬದವರು ತಲೆ ತಗ್ಗಿಸಿ ಬೇಗ ಬೇಗ ನುಂಗಿದರು. ಸುಳ್ಯದವರು ಏಳರ ಬಸ್ಸಿಗೆ ಅರ್ಧ ಗಂಟೆ ಮೊದಲೇ ಹೊರಟರು. ಕೊಯಿಲದವರು ಮೆಟ್ಟಿಲಿಳಿದು ಮತ್ತೆ ಹತ್ತಿ ಬಂದು, "ಆ ದಿವಸ ಫಾರ್ಮಿನ ಅವರಿಬ್ಬರನ್ನು ನಾನು ಕರ್ಕೊಂಡು ಬಂದದ್ದಲ್ವಾ ಅತ್ತಿಗೆ," ಎಂದರು.

ಆ ವಾರ ಅತ್ತೆ ನನ್ನ ಜೊತೆ ಮಾತಾಡಲಿಲ್ಲ. ಗಂಡ ಒಮ್ಮೆ, "ಸ್ವಲ್ಪ ಮೆಲ್ಲ ಹೇಳ್ಬಹುದಿತ್ತು," ಎಂದರು. "ಮೆಲ್ಲ ಹೇಳಿದ್ದೆ, ಬಾವಿಕಟ್ಟೆಯಲ್ಲಿ, ನಿಮ್ಮ ಹತ್ರ," ಎಂದೆ. ಸಾಲು ಮುರಿಯಿತು ಎಂದೇ ನಾನು ತಿಳಿದಿದ್ದೆ. ಮುರಿದರೆ ಮುರಿಯಲಿ ಎಂದು ಹಗಲೆಲ್ಲ ಅಂದುಕೊಳ್ಳುತ್ತಿದ್ದೆ, ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದನ್ನು ನೋಡಿದರೆ ಹಾಗೆ ಅನ್ನಲು ಆಗುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ನಾನು ಅಕ್ಕಿ ಅಳೆಯಲು ಹೋದಾಗ ಡಬ್ಬಿಯ ಮೇಲೆ ಕೈ ಇಟ್ಟು, "ಇವತ್ತು ನೀನು ಮುಟ್ಟುದು ಬೇಡ, ಶಾಲೆಗೆ ಹೋಗು," ಎಂದರು. ಅಷ್ಟೇ. ಹೆದರಿಕೊಂಡೇ ಹೋದೆ.

ಸಂಜೆ ಓಣಿಗೆ ತಿರುಗುವಾಗಲೇ ನಮ್ಮ ಮಾಡಿನಿಂದ ಹೊಗೆ ಕಾಣಿಸಿತು. ಅತ್ತೆ ಒಲೆಯ ಮುಂದೆ ಮಣೆ ಹಾಕಿಕೊಂಡು ಕುಳಿತಿದ್ದರು, ಒಂದು ಕೈ ಸೊಂಟದ ಮೇಲೆ. ಒಲೆಯಲ್ಲಿ ಓಣಿಯ ಯಾರ ಮನೆಯಿಂದಲೋ ತಂದ ದೊಡ್ಡ ಪಾತ್ರೆ. ಮೂಲೆಯಲ್ಲಿ ಮೂರು ಕೈಚೀಲ. ಮೂವರು ಮೈದುನರೂ ಚಾವಡಿಯಲ್ಲಿದ್ದರು.

"ಅಮ್ಮ ಗುರುವಾರ ಬಸ್‌ಸ್ಟ್ಯಾಂಡಿಗೆ ಹೋಗಿ ನಮ್ಮ ಬಸ್ಸಿನ ಕಂಡಕ್ಟರನ ಹತ್ರ ಹೇಳಿ ಕಳಿಸಿದ್ದಾರೆ ಅತ್ತಿಗೆ," ಎಂದರು ಸುಳ್ಯದವರು. "ಅವನು ಬಸ್ಸಿಂದ ಇಳಿಯುವ ಮೊದ್ಲೇ, ಟೈಲರೇ, ಸೋಮವಾರ ಅಮ್ಮನ ಮನೆಗೆ ಎರಡು ಪಾವು ಅಕ್ಕಿ ಹಿಡ್ಕೊಂಡು ಹೋಗ್ಬೇಕಂತೆ ಅಂತ ಬೊಬ್ಬೆ ಹಾಕಿದ. ಇಡೀ ಸುಳ್ಯಕ್ಕೆ ಗೊತ್ತಾಯ್ತು."

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಮನೆ ಪಾಲಾಯಿತೆಂದು ಊರೆಲ್ಲ ಅಂದುಕೊಂಡರೂ ಆಗಬಹುದು ಎಂದು ತೀರ್ಮಾನಿಸುವುದು ಅವರಿಗೆ ಎಷ್ಟು ಕಷ್ಟವಾಗಿತ್ತು ಎಂದು ನನಗೆ ಗೊತ್ತು. ನನ್ನ ಕಡೆ ನೋಡದೆಯೇ, "ತೆಳಿ ಬಸಿ, ನನ್ನಿಂದ ಎತ್ಲಿಕ್ಕೆ ಆಗುದಿಲ್ಲ," ಎಂದರು.

ಅಷ್ಟು ಅನ್ನವನ್ನು ನಮ್ಮ ಅಡುಗೆಮನೆಯಲ್ಲಿ ನಾನು ಅದುವರೆಗೆ ಕಂಡಿರಲಿಲ್ಲ. ಅತ್ತೆ ಮಗಳನ್ನು ಸಾಲಿನಲ್ಲಿ ಮೊದಲು ಕೂರಿಸಿದರು. ನಾನು ಬಡಿಸಿದೆ. ಅವಳು ಒಮ್ಮೆ ಎದ್ದು ನಿಂತು ಪಾತ್ರೆಯೊಳಗೆ ಇಣುಕಿ ನೋಡಿ, ಕುಳಿತು ಉಣ್ಣತೊಡಗಿದಳು. ಒಂದು ಸೌಟು ಮುಗಿಯಿತು. ಎರಡನೆಯದೂ ಮುಗಿಯಿತು. ಮೂರನೆಯದಕ್ಕೆ ತಟ್ಟೆ ಮುಂದೆ ಮಾಡಿದಾಗ ಕೊಯಿಲದವರು ನಕ್ಕು, "ಎಂತ ಇದು ಆಶ್ಚರ್ಯ! ಸೋಮವಾರ ಯಾವಾಗ್ಲೂ ಅರ್ಧ ಸೌಟಿಗೇ ಸಾಕು ಸಾಕು ಹೇಳುವವಳು!" ಎಂದರು.

ಸೌಟು ನನ್ನ ಕೈಯಲ್ಲೇ ನಿಂತಿತು. ತರಗತಿಗೆ ಕಾಲಿಟ್ಟ ಕೂಡಲೇ ಯಾವ ಮಗು ಉಪವಾಸ ಬಂದಿದೆ ಎಂದು ಮುಖ ನೋಡಿ ಹೇಳಬಲ್ಲವಳು ನಾನು. ಎಷ್ಟೋ ಮಕ್ಕಳನ್ನು ಹಿಂದಿನ ಬೆಂಚಿನಿಂದ ಕರೆದು ನನ್ನ ಬುತ್ತಿಯಿಂದ ಕೊಟ್ಟಿದ್ದೇನೆ. ಮಗಳ ಎದುರು ಕುಕ್ಕುರುಗಾಲಿನಲ್ಲಿ ಕುಳಿತು ಮೆಲ್ಲಗೆ ಕೇಳಿದೆ.

"ಮಗಾ, ನೀನು ಯಾವಾಗಿಂದ ಸಾಕು ಹೇಳುದು?"

ಬಾಯಿ ತುಂಬ ಅನ್ನ ಇತ್ತು. ಅದನ್ನು ನುಂಗಿ, ಯೋಚಿಸಿ, "ಒಂದನೇ ಕ್ಲಾಸಿಂದ," ಎಂದಳು.

ಆಗ ಅವಳು ನಾಲ್ಕನೆಯ ಕ್ಲಾಸು. ನಾನು ಇನ್ನೊಂದು ಸೌಟು ಹಾಕಿದೆ, ಅವಳು ಅದನ್ನೂ ಉಂಡಳು.